ಗುಮ್ಮಟದ ಊರಿನಲ್ಲಿ ಬಣ್ಣದ ಪೆಟ್ಟಿಗೆ

ಮಲೆನಾಡಿನ ಚಿತ್ರ ಬರೆಯಹೊರಟವನಿಗೆ ನಿಸರ್ಗವೇ ಅರ್ಧ ಕೆಲಸವನ್ನು ಮಾಡಿಕೊಡುತ್ತದೆ. ಹಿನ್ನೆಲೆಗೊಂದು ಬೆಟ್ಟ, ಮುನ್ನೆಲೆಗೊಂದು ಹೊಳೆ, ನಡುವೆ ತುಂಬಲು ಬೇಕಾದಷ್ಟು ಹಸುರು. ವಿಜಯಪುರದ ಸೀಮೆ ಅಂಥ ಉಪಕಾರವನ್ನು ಯಾರಿಗೂ ಮಾಡಿದ್ದಲ್ಲ. ಇಲ್ಲಿ ಕಣ್ಣು ಹಾಯುವವರೆಗೂ ಕಪ್ಪು ಎರೆನೆಲ. ಅದರ ಮೇಲೆ ಮುಕ್ಕಾಲು ಪಾಲು ಆಕಾಶ. ಎರಡೂ ಕೂಡುವಲ್ಲಿ ಒಂದು ಜಾಲಿ, ಇಲ್ಲವೆ ಒಂದು ಬೇವು. “ಇದರಲ್ಲಿ ಬರೆಯುವುದೇನಿದೆ?” ಎಂದು ರೈಲಿನ ಕಿಟಕಿಯಿಂದ ನೋಡಿದವರು ಕೇಳುವುದು ಸಹಜ. ಬಣ್ಣದ ಪೆಟ್ಟಿಗೆಯನ್ನು ಹೊತ್ತು ಬಯಲಿಗಿಳಿದವರಲ್ಲಿ ಆ ಪ್ರಶ್ನೆ ಬಹುಕಾಲ ಉಳಿಯುವುದಿಲ್ಲ.

ಆದಿಲಶಾಹಿಯ ದೊರೆಗಳಿಗೆ ಚಿತ್ರಕಾರರ ಕೊರತೆಯಿರಲಿಲ್ಲ. 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಮನ ಕಾಲದ, ಕೈಮೇಲೆ ಗೊರವಂಕವನ್ನು ಕೂರಿಸಿಕೊಂಡ ಜೋಗಿಣಿಯ ಚಿತ್ರವೊಂದು ಈಗ ಐರ್ಲೆಂಡಿನ ಡಬ್ಲಿನ್ ನಗರದ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಅದರಲ್ಲಿಯ ದೊಡ್ಡ ದೊಡ್ಡ ಹೂಗಳೂ ದೂರದ ಅರಮನೆಯೂ ಮನಸ್ಸಿನಲ್ಲಿ ಕಂಡವು. ಊರ ಹೊರಗಿನ ಜೋಳದ ಹೊಲಕ್ಕೆ ಆ ಲೋಕದಲ್ಲಿ ಸ್ಥಳವಿಲ್ಲ. ಮುಂದೆ 1859ರಲ್ಲಿ ಬಿಜಾಪುರದ ಕಟ್ಟಡಗಳ ಭಾರಿ ಚಿತ್ರಸಂಪುಟವೊಂದು ಲಂಡನ್ನಿನಲ್ಲಿ ಪ್ರಕಟವಾಯಿತು. ಕ್ಯಾಪ್ಟನ್ ಹಾರ್ಟ್, ಅವನ ಸಹಾಯಕ ಕಮಿಂಗ್, ಇವರ ಹೆಸರುಗಳು ಅದರ ಮೇಲಿವೆ. ಅವರೊಡನೆ ಬಿಸಿಲಿನಲ್ಲಿ ನಿಂತು ಅಳತೆ ಹಿಡಿದು ಗೆರೆಯೆಳೆದ ನಮ್ಮವರು ಮಾತ್ರ “ದೇಶೀಯ ನಕ್ಷೆಗಾರರು” ಎಂಬ ಎರಡೇ ಮಾತಿನಲ್ಲಿ ಮುಗಿದುಹೋದರು. ಬಯಲಿನಲ್ಲಿ ಕುಳಿತು ಈ ಊರನ್ನು ಚಿತ್ರಿಸಿದ ಮೊದಲಿಗರಲ್ಲಿ ಆ ಹೆಸರಿಲ್ಲದವರನ್ನೂ ಎಣಿಸಬೇಕಾದದ್ದು ನ್ಯಾಯ.

ಗೋಲಗುಮ್ಮಟ ಚಿತ್ರಕಾರನಿಗೆ ಸುಲಭವಾಗಿ ಒಲಿಯುವುದಿಲ್ಲ. ಹತ್ತಿರ ಕುಳಿತರೆ ಗೋಡೆ ಗುಮ್ಮಟವನ್ನು ನುಂಗುತ್ತದೆ. ದೂರ ಸರಿದರೆ ಮನೆಗಳೂ ತಂತಿಗಳೂ ಅಡ್ಡ ಬರುತ್ತವೆ. ಆದ್ದರಿಂದ ಬುದ್ಧಿವಂತರು 1584ರಲ್ಲಿ ಹೈದರಖಾನನು ಕಟ್ಟಿಸಿದ ಉಪ್ಪಲಿ ಬುರುಜನ್ನು ಏರುತ್ತಾರೆ. ಸುಮಾರು 80 ಅಡಿಯ ಆ ಎತ್ತರದಿಂದ ಊರೆಲ್ಲ ಒಂದೇ ನೋಟಕ್ಕೆ ಸಿಕ್ಕುತ್ತದೆ. ಕಪ್ಪುಕಲ್ಲನ್ನು ಕಪ್ಪುಬಣ್ಣದಿಂದ ಬರೆದವನ ಚಿತ್ರ ಕೆಟ್ಟಿತೆಂದೇ ತಿಳಿಯಬೇಕು. ಮುಂಜಾನೆ ಅದೇ ಕಲ್ಲು ನೀಲಿಗೆ ತಿರುಗುತ್ತದೆ, ಸಂಜೆ ಬೆಲ್ಲದ ಬಣ್ಣಕ್ಕೆ ಬರುತ್ತದೆ.

ಬಾರಾ ಕಮಾನಿನ ಮುಂದೆ ಕುಳಿತವನಿಗೆ ಒಂದು ಕಥೆಯನ್ನು ಕೇಳದೆ ಏಳುವ ಹಾಗಿಲ್ಲ. ಎರಡನೆಯ ಅಲಿ ಆದಿಲಶಾಹನ ಈ ಗೋರಿ ಪೂರ್ತಿಯಾಗಿದ್ದರೆ ಇದರ ನೆರಳು ಅವನ ತಂದೆಯ ಗುಮ್ಮಟದ ಮೇಲೆ ಬೀಳುತ್ತಿತ್ತಂತೆ. ಅದಕ್ಕಾಗಿ ಕೆಲಸ ನಿಂತಿತಂತೆ! ಎರಡಕ್ಕೂ ನಡುವೆ ಒಂದು ಮೈಲಿಗೂ ಹೆಚ್ಚಿನ ದಾರಿಯಿದೆ. ನೆರಳಿನ ಉದ್ದವನ್ನು ದಿನವೂ ಅಳೆಯುವ ಚಿತ್ರಕಾರನು ನಗಬಹುದು. ಮುಳುಗುವ ಸೂರ್ಯನ ಕಡೆಯ ಗಳಿಗೆಯಲ್ಲಲ್ಲದೆ ಅಷ್ಟು ದೂರ ಚಾಚುವ ನೆರಳೆಲ್ಲಿಯದು? 1672ರಲ್ಲಿ ದೊರೆ ತೀರಿಕೊಂಡನು, ಕಮಾನುಗಳು ಬರಿದಾಗಿಯೇ ನಿಂತವು. ಆದರೂ ಆ ಕಥೆಯನ್ನು ಕೇಳಿದ ಮೇಲೆ ಬರೆದ ಚಿತ್ರದಲ್ಲಿ ನೆರಳಿಗೆ ಒಂದು ಗೆರೆ ಹೆಚ್ಚು ಸ್ಥಳ ದೊರೆಯುತ್ತದೆ.

ಪಟ್ಟಣದ ಪಶ್ಚಿಮಕ್ಕೆ ಸಾಠ್ ಕಬರ್ ಇದೆ. ಒಂದೇ ಅಚ್ಚಿನ, ಅರವತ್ತಕ್ಕೂ ಮಿಕ್ಕ ಹೆಂಗಸರ ಗೋರಿಗಳು ಸಾಲಾಗಿ ಮಲಗಿವೆ. 1659ರಲ್ಲಿ ಶಿವಾಜಿಯ ಮೇಲೆ ದಂಡೆತ್ತಿ ಹೋಗುವ ಮುನ್ನ, ತಾನು ಹಿಂದಿರುಗುವುದಿಲ್ಲವೆಂಬ ಶಕುನವನ್ನು ನಂಬಿದ ಅಫಜಲಖಾನನು ತನ್ನ ಹೆಂಡಿರನ್ನೆಲ್ಲ ಬಾವಿಗೆ ನೂಕಿಸಿದನೆಂದು ಜನ ಹೇಳುತ್ತಾರೆ. ದಂತಕಥೆಯ ನಿಜವೇನಿದ್ದರೂ ಕಲ್ಲುಗಳು ಎದುರಿಗಿವೆ. ಇಲ್ಲಿಯ ಚಿತ್ರಕ್ಕೆ ಬಣ್ಣ ಹೆಚ್ಚು ಬೇಡುವುದಿಲ್ಲ, ಮಾತೂ ಬೇಡುವುದಿಲ್ಲ.

ಮುಂದೆ ಅದೇ ದಿಕ್ಕಿನಲ್ಲಿ ತಿಕೋಟಾ. ಬೇಸಗೆ ಕಾಲಿಡುವ ಹೊತ್ತಿಗೆ ಈ ದಾರಿಯಲ್ಲಿ ಹೋದವರು ಹೊಲಗಳ ನಡುವೆ ಉದ್ದನೆಯ ಚಪ್ಪರಗಳನ್ನು ಕಂಡಿರಬಹುದು. ಅವು ದ್ರಾಕ್ಷಿ ಒಣಗಿಸುವ ಶೆಡ್ಡುಗಳು. ಬಲೆಯ ಅಂತಸ್ತುಗಳ ಮೇಲೆ ಹರವಿದ ಹಣ್ಣು, ಗಾಳಿಗೆ ಒಣಗುತ್ತ ಎರಡು ವಾರದೊಳಗೆ ಎಳೆಹಸುರಿನಿಂದ ಹೊಂಬಣ್ಣದ ಒಣದ್ರಾಕ್ಷಿಯಾಗುತ್ತದೆ. ಜಲವರ್ಣದವನಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇರೆ ಬೇಕೆ? ಆದರೆ ಅದೇ ಬಿಸಿಲು ಅವನ ಶತ್ರುವೂ ಹೌದು: ಒಂದು ಪದರು ಬಳಿದು ಕುಂಚವನ್ನು ತೊಳೆಯುವುದರೊಳಗೆ ಕಾಗದ ಒಣಗಿ, ಅಂಚು ಗಟ್ಟಿಯಾಗಿ ನಿಲ್ಲುತ್ತದೆ. ಹತ್ತು ಗಂಟೆಯೊಳಗೆ ಕೆಲಸ ಮುಗಿಯಬೇಕು.

ಆ ಹೊಂಬಣ್ಣದ ಹಿಂದೆ ಬೇರೊಂದು ಕಥೆಯಿದೆ. ಬರ ಬಿದ್ದ ವರ್ಷಗಳಲ್ಲಿ ಇಲ್ಲಿಯ ರೈತರು ಸಾಲ ಮಾಡಿ, ಟ್ಯಾಂಕರಿನಿಂದ ನೀರು ತರಿಸಿ, ಬಳ್ಳಿಗಳ ಜೀವ ಹಿಡಿದಿದ್ದಾರೆ. ಚಿತ್ರದಲ್ಲಿ ತೋಟದ ಅಂಚಿಗೆ ನಿಂತ ಟ್ಯಾಂಕರನ್ನು ಅಂದಗೆಡಿಸುವ ವಸ್ತುವೆಂದು ಬಿಟ್ಟುಬಿಡುವವರುಂಟು. ಬಿಡುವುದು ತಪ್ಪು, ಆ ಹಸುರೆಲ್ಲ ಬಂದದ್ದು ಅದರ ಹೊಟ್ಟೆಯಿಂದಲೇ.

ತೆಂಕಣದ ಬಬಲೇಶ್ವರದ ಕಡೆಗೆ ತಿರುಗಿದರೆ ಡೋಣಿ ಎದುರಾಗುತ್ತದೆ. ನೀರು ಉಪ್ಪು, ದಂಡೆಯ ಮಣ್ಣು ಬಂಗಾರ. ಮಳೆಗಾಲದಲ್ಲಿ ಸಾರವಾಡದ ಬಳಿ ಹೊಲಗಳಿಗೆ ನುಗ್ಗುವ ಈ ಹೊಳೆಯೇ ಬಿಳಿಜೋಳವನ್ನೂ ಬೆಳೆಸುತ್ತದೆ. ಚಳಿಗಾಲದ ಕೊನೆಗೆ ಜೋಳದ ಹೊಲದ ಅಂಚಿನಲ್ಲಿ ಕುಸುಬೆ ಹೂವಾಡಿ ನಿಂತಾಗ, ಕಪ್ಪು ನೆಲದ ಮೇಲೆ ಕೇಸರಿಯ ಗೆರೆಯೊಂದು ಎಳೆದಂತಿರುತ್ತದೆ. ಸುಗ್ಗಿ ಮುಗಿದರೆ ಕಣಿಕೆಯ ಬಣವೆಗಳು. 1841ರಲ್ಲಿ ಅಮೆರಿಕದ ಜಾನ್ ರ‍್ಯಾಂಡ್ ಎಂಬ ಚಿತ್ರಕಾರನು ಬಣ್ಣ ತುಂಬುವ ತಗಡಿನ ಕೊಳವೆಯನ್ನು ಕಂಡುಹಿಡಿದ ಮೇಲೆ ಯುರೋಪಿನ ಚಿತ್ರಕಾರರಿಗೆ ತೈಲವರ್ಣದೊಡನೆ ಹೊಲಕ್ಕೆ ಹೋಗುವುದು ಸುಲಭವಾಯಿತು. ಫ್ರಾನ್ಸಿನ ಮೊನೆ 1890-91ರಲ್ಲಿ ಬಣವೆಗಳನ್ನೇ ಮತ್ತೆ ಮತ್ತೆ, ಬೇರೆ ಬೇರೆ ಬೆಳಕಿನಲ್ಲಿ ಬರೆದನು. ಬಬಲೇಶ್ವರದ ಬಣವೆಗಳ ಮುಂದೆ ಅವನು ಕೂತಿದ್ದರೆ ಇನ್ನಷ್ಟು ಹಳದಿಯನ್ನು ಕೊಳ್ಳಬೇಕಾಗುತ್ತಿತ್ತು!

ಹೊಲದ ಒಡೆಯ ಬೆನ್ನಹಿಂದೆ ಬಂದು ನಿಲ್ಲುವುದೂ ಈ ಕೆಲಸದ ಒಂದು ಭಾಗ. ಅವನು ವಿಮರ್ಶಕನಲ್ಲ, ಲೆಕ್ಕಿಗ. “ಸರ, ಬದುವಿನ ಮ್ಯಾಲಿನ ಬೇವಿನ ಗಿಡ ಬಿಟ್ಟೀರಲ್ರೀ?” ಎಂದು ಕೇಳುತ್ತಾನೆ. ಹಳೆಯ ಚಿತ್ರವನ್ನು ತೋರಿಸಿದರೆ ಬೇರೆಯೇ ಮಾತು ಹೊರಡುತ್ತದೆ: “ಈ ಗಿಡದ ಬುಡಕ್ಕ ನಮ್ಮಪ್ಪ ಬುತ್ತಿ ಬಿಚ್ಚತಿದ್ದ. ಪೈಪ್‌ಲೈನ್ ಹಾಕುವಾಗ ಕಡದ್ವಿ.” ಚಿತ್ರಕಾರನು ಬೆಳಕಿಗಾಗಿ ಬರೆದದ್ದು ಹೊಲದವನಿಗೆ ದಾಖಲೆಯಾಗಿರುತ್ತದೆ.

ಆ ಪೈಪುಗಳು ತಂದದ್ದನ್ನು ನೋಡಲು ಮಮದಾಪುರದ ಕಡೆಗೆ ಹೋಗಬೇಕು. ಅಲ್ಲಿಯ ಕೆರೆಯನ್ನು 1633ರಲ್ಲಿ ಕಟ್ಟಿಸಿದವನು ಗೋಲಗುಮ್ಮಟದಲ್ಲಿ ಮಲಗಿರುವ ಮುಹಮ್ಮದ ಆದಿಲಶಾಹನೇ. ಗುಮ್ಮಟವನ್ನು ನೋಡಲು ದೇಶವೆಲ್ಲ ಬರುತ್ತದೆ. ಕೆರೆಯ ಏರಿಯ ಮೇಲೆ ದನಕಾಯುವವರನ್ನು ಬಿಟ್ಟರೆ ಚಿತ್ರಕಾರನೊಬ್ಬನೇ. 2018ರಲ್ಲಿ ತಿಕೋಟಾ, ಬಬಲೇಶ್ವರಗಳು ಬೇರೆ ತಾಲ್ಲೂಕುಗಳಾದವು. ಏತ ನೀರಾವರಿಯಿಂದ ಕೃಷ್ಣೆಯ ನೀರು ಈ ಭಾಗದ ಕೆರೆಗಳನ್ನು ಮುಟ್ಟಿತು. ಬಿರುಕುಬಿಟ್ಟ ಬೂದುಬಣ್ಣದ ನೆಲವನ್ನೇ ಬರೆದು ಪಳಗಿದ ಕೈ ಈಗ ನೀಲಿಯನ್ನು ಕಲಸಲು ಕಲಿಯುತ್ತಿದೆ. ಸಂಜೆಯ ಗಾಳಿ ಇಳಿದು ನೀರು ನಿಶ್ಚಲವಾದಾಗ, ಮೇಲಿನ ಆಕಾಶವೆಲ್ಲ ಕೆಳಗೂ ಇಳಿದು, ನಡುವೆ ಏರಿಯ ಕಪ್ಪುಗೆರೆಯೊಂದೇ ನಿಲ್ಲುತ್ತದೆ. ಅದನ್ನು ಕಾಗದಕ್ಕಿಳಿಸಲು ಹತ್ತು ನಿಮಿಷಗಳಿಗಿಂತ ಹೆಚ್ಚು ಹೊತ್ತು ಸಿಕ್ಕುವುದಿಲ್ಲ.