ಕಪ್ಪಾದ ಸೀಸೆ

ಎಂಜಿನಿಯರಿಂಗ್ ಓದುವ ಮಕ್ಕಳಿರುವ ಮನೆಗಳಲ್ಲಿ ಕೊನೆಯ ವರ್ಷ ಬಂತೆಂದರೆ ಒಂದು ಮಾತು ಕೇಳಿಬರುತ್ತದೆ: "ಪ್ರಾಜೆಕ್ಟ್ ಮಾಡಿಸಬೇಕು." ಮಾಡಬೇಕು ಎಂದಲ್ಲ, ಮಾಡಿಸಬೇಕು ಎಂದು. ಹಬ್ಬಕ್ಕೆ ಬಟ್ಟೆ ಹೊಲಿಸಿದ ಹಾಗೆ. ದೊಡ್ಡ ನಗರಗಳಲ್ಲಿ ಹಣ ಕೊಟ್ಟರೆ ಯಂತ್ರ, ವರದಿ, ಪರೀಕ್ಷಕರ ಪ್ರಶ್ನೆಗಳಿಗೆ ಉತ್ತರ ಎಲ್ಲವೂ ಸಿದ್ಧ ಸಿಗುತ್ತವೆ. ಸಾಲ ಮಾಡಿ ಓದಿಸಿದ ತಂದೆಗೂ ಇದು ತಪ್ಪೆನಿಸುವುದಿಲ್ಲ. ಪದವಿ ಕೈಗೆ ಬಂದರೆ ಸಾಕು.

ನನ್ನ ತಮ್ಮನ ಮಗಳು ಬಯೋಟೆಕ್ನಾಲಜಿ ಎಂಜಿನಿಯರಿಂಗ್ ಓದಿದಳು. ಅವಳು ಮತ್ತು ಇಬ್ಬರು ಗೆಳತಿಯರು ಆರಿಸಿಕೊಂಡ ವಿಷಯ ನಮ್ಮ ಬಸವಕಲ್ಯಾಣದ ಮತ್ತು ಅವಳ ತಾಯಿಯ ತವರಾದ ಹುಮನಾಬಾದಿನ ಕೆಲವು ಓಣಿಗಳ ಬಾವಿ, ಬೋರ್‌ವೆಲ್ ನೀರು. "ಇದರಲ್ಲೇನಿದೆ ಎಂಜಿನಿಯರಿಂಗ್?" ಎಂದು ಮನೆಯಲ್ಲಿ ನಕ್ಕವರೇ ಹೆಚ್ಚು.

ಇದ್ದದ್ದು ಹೀಗೆ. ನೀರಿನಲ್ಲಿ ಮಲದ ರೋಗಾಣು ಇದೆಯೇ ಎಂದು ತಿಳಿಯಲು ಮಾದರಿಯನ್ನು ತಣ್ಣಗಿಟ್ಟು ಕೆಲವೇ ಗಂಟೆಗಳಲ್ಲಿ ಪ್ರಯೋಗಾಲಯ ಮುಟ್ಟಿಸಬೇಕು. ಹುಮನಾಬಾದಿನಿಂದ ಬಸ್ಸು ಹಿಡಿದು ದೂರದ ಕಾಲೇಜಿಗೆ ಹೋಗುವವರಿಗೆ ಅದು ಕಷ್ಟ. ಇದಕ್ಕೊಂದು ಅಗ್ಗದ ದಾರಿಯನ್ನು ನಮ್ಮ ದೇಶದವರೇ ಕಂಡುಹಿಡಿದಿದ್ದಾರೆ. ಗ್ವಾಲಿಯರ್‌ನ ರಕ್ಷಣಾ ಸಂಶೋಧನಾ ಸಂಸ್ಥೆಯ ಮಾಂಜಾ, ಮೌರ್ಯ ಮತ್ತು ರಾವ್ ಎಂಬ ಮೂವರು ಅದನ್ನು 1982ರಲ್ಲಿ ಪ್ರಕಟಿಸಿದರು. ಪೆಪ್ಟೋನ್, ಥಯೋಸಲ್ಫೇಟ್ ಮತ್ತು ಕಬ್ಬಿಣದ ಲವಣದಲ್ಲಿ ಅದ್ದಿ ಒಣಗಿಸಿದ ಕಾಗದದ ಪಟ್ಟಿಯನ್ನು ಶುದ್ಧಗೊಳಿಸಿದ ಸೀಸೆಯಲ್ಲಿಟ್ಟಿರುತ್ತಾರೆ. ಅದಕ್ಕೆ ನೀರು ತುಂಬಿ ಮೈಬಿಸಿಯಷ್ಟು ಶಾಖದಲ್ಲಿಟ್ಟರೆ, ಹೈಡ್ರೋಜನ್ ಸಲ್ಫೈಡ್ ಅನಿಲ ಹುಟ್ಟಿಸುವ ಬ್ಯಾಕ್ಟೀರಿಯಾಗಳಿದ್ದಲ್ಲಿ ಸೀಸೆ ಸಾಮಾನ್ಯವಾಗಿ ಒಂದು ದಿನದಲ್ಲಿ ಕಪ್ಪಾಗುತ್ತದೆ. ಈ ಬ್ಯಾಕ್ಟೀರಿಯಾಗಳಲ್ಲಿ ಹಲವು ಮಲದೊಂದಿಗೆ ಬರುವಂಥವು. ಕೆಲವು ಮಣ್ಣಿನಿಂದಲೂ ಬರಬಹುದಾದ್ದರಿಂದ ಕಪ್ಪಾದ ನೀರನ್ನು ಪ್ರಯೋಗಾಲಯದಲ್ಲಿ ಮತ್ತೆ ನೋಡಬೇಕು. ಹುಡುಗಿಯರು ಥರ್ಮಾಕೋಲ್ ಡಬ್ಬಿಗೆ ಬಲ್ಬು, ಥರ್ಮಾಮೀಟರ್ ಜೋಡಿಸಿ ಮನೆಯಲ್ಲೇ ಶಾಖದ ಪೆಟ್ಟಿಗೆ ಮಾಡಿಕೊಂಡರು. ಎಂಜಿನಿಯರಿಂಗ್ ಅಲ್ಲಿತ್ತು.

ಪ್ರತಿ ಸಲವೂ ಒಂದು ಸೀಸೆಗೆ ಕುದಿಸಿ ಆರಿಸಿದ ನೀರು ತುಂಬಬೇಕು. ಅದು ಕಪ್ಪಾಗಬಾರದು. ಮೊದಲ ಸುತ್ತಿನಲ್ಲಿ ಅದೂ ಕಪ್ಪಾಯಿತು! ಎಂದರೆ ಸೀಸೆಗಳೇ ಸರಿಯಾಗಿ ಶುದ್ಧವಾಗಿರಲಿಲ್ಲ. ವರದಿ ಒಪ್ಪಿಸುವ ದಿನ ಹತ್ತಿರವಿತ್ತು. "ಆ ಒಂದು ಸೀಸೆಯ ಮಾತು ಬಿಡಿ, ಉಳಿದದ್ದು ಬರೆಯಿರಿ" ಎಂದು ತಿಳಿದವರೇ ಸಲಹೆ ಕೊಟ್ಟರು. ಅವರು ಬಿಡಲಿಲ್ಲ. ಎಲ್ಲವನ್ನೂ ಚೆಲ್ಲಿ ಮತ್ತೆ ಮೊದಲಿನಿಂದ ಓಣಿ ಓಣಿ ಅಲೆದರು. ಇಲ್ಮ್ ಕೂಡ ಒಂದು ಅಮಾನತ್ ಎಂದು ನಾವು ಭಾಷಣಗಳಲ್ಲಿ ಹೇಳುತ್ತೇವೆ. ಅದರ ಅರ್ಥ ನನಗೆ ಚೆನ್ನಾಗಿ ಕಂಡದ್ದು ಆ ಚೆಲ್ಲಿದ ಸೀಸೆಗಳಲ್ಲಿ.

ನಿಜವಾದ ಕಷ್ಟ ಆಮೇಲೆ ಬಂತು. ಎರಡನೆಯ ಸುತ್ತಿನಲ್ಲಿ ಕುದಿಸಿದ ನೀರು ತಿಳಿಯಾಗಿಯೇ ಉಳಿಯಿತು. ನಮ್ಮ ಮೊಹಲ್ಲಾದ ಒಂದು ಹಳೆಯ ಬಾವಿಯ ಸೀಸೆ ಮಸಿಯಂತಾಯಿತು. ಕಾಲೇಜಿನ ಪರೀಕ್ಷೆಯೂ ಅದನ್ನೇ ಹೇಳಿತು. ಹಿರಿಯರೊಬ್ಬರು ಮನೆಗೆ ಬಂದು, "ಮಗಳೇ, ನಮ್ಮ ಓಣಿಗಳು ಗಲೀಜು ಎಂದು ಹೇಳುವವರು ಈಗಾಗಲೇ ಬಹಳ ಜನ ಇದ್ದಾರೆ. ನೀನೂ ಬರೆದುಕೊಡಬೇಡ" ಎಂದರು. ಆ ಮಾತನ್ನು ಸುಮ್ಮನೆ ತಳ್ಳಿಹಾಕುವಂತಿರಲಿಲ್ಲ. ಅದರಲ್ಲಿ ನೋವಿತ್ತು, ಅನುಭವವಿತ್ತು. ಆದರೆ ಆ ನೀರನ್ನು ಕುಡಿಯುತ್ತಿದ್ದವರೂ ನಮ್ಮ ಮಕ್ಕಳೇ.

ಅವಳು ವರದಿಯಲ್ಲಿ ಓಣಿಗಳ ಹೆಸರು ಬರೆಯದೆ ಸಂಖ್ಯೆ ಕೊಟ್ಟಳು. ಫಲಿತಾಂಶವನ್ನು ಮಾತ್ರ ಮನೆ ಮನೆಗೆ ಹೋಗಿ ಬಾಯಲ್ಲೇ ಹೇಳಿದಳು. ಹುಮನಾಬಾದಿನಲ್ಲಿ ಬೇರೆ ಸಮುದಾಯದವರ ಓಣಿಯ ಸೀಸೆಯೂ ಕಪ್ಪಾಗಿತ್ತು. ಅಲ್ಲಿಗೂ ಹೋದಳು. ಇಲ್ಲಿನ ಕಪ್ಪು ಕಲ್ಲು ಬಿರುಕುಗಳಿಂದ ಕೂಡಿದ್ದು. ಬಾವಿಯ ಪಕ್ಕದಲ್ಲೇ ಪಾಯಿಖಾನೆಯ ಗುಂಡಿ ಇದ್ದರೆ ಮಣ್ಣು ಸೋಸುವ ಮೊದಲೇ ನೀರು ಬಿರುಕಿನಲ್ಲಿ ಇಳಿದುಬಿಡುತ್ತದೆ. ಬಿರುಕಿಗೆ ಯಾರ ಧರ್ಮವೂ ಗೊತ್ತಿಲ್ಲ.

ಕುದಿಸಿದರೆ ರೋಗಾಣು ಸಾಯುತ್ತದೆ. ಗುಂಡಿಯಿಂದ ಬರುವ ನೈಟ್ರೇಟ್ ಮಾತ್ರ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಾಢವಾಗುತ್ತದೆ. ಕುಡಿಯುವ ನೀರಿನ ಭಾರತೀಯ ಮಾನದಂಡದಂತೆ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಬಾಟಲಿ ಹಾಲು ಕುಡಿಯುವ ಹಸುಗೂಸುಗಳಿಗೆ ಅಪಾಯ ಹೆಚ್ಚು. ಇದನ್ನು ಕೇಳಿದ ಮೇಲೆ ತಾಯಂದಿರೇ ಮುಂದೆ ಬಂದು ಪ್ರಶ್ನೆ ಕೇಳತೊಡಗಿದರು. ಗಂಡಸರು ಬಾಗಿಲಲ್ಲಿ ನಿಂತಿದ್ದರು. ಹುಡುಗಿಯರಾದ್ದರಿಂದ ಅಡುಗೆಮನೆಯವರೆಗೂ ಹೋಗಿ ನೀರಿನ ಮಡಕೆ ನೋಡಲು ಸಾಧ್ಯವಾಯಿತು.

ಜೀವವಿಜ್ಞಾನ ನಮ್ಮ ಮಕ್ಕಳಿಗೆ ದೂರದ ವಿದ್ಯೆಯೇನಲ್ಲ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರದ ಸ್ಥಾಪಕ ನಿರ್ದೇಶಕರು ಉತ್ತರ ಪ್ರದೇಶದಲ್ಲಿ ಹುಟ್ಟಿ ಅಲೀಗಢದಲ್ಲಿ ಓದಿದ ಒಬೈದ್ ಸಿದ್ದಿಕಿ. 1962ರಲ್ಲಿ ಮುಂಬಯಿಯ ಟಾಟಾ ಸಂಸ್ಥೆಯಲ್ಲಿ ಅಣುಜೀವವಿಜ್ಞಾನ ವಿಭಾಗ ಕಟ್ಟಿದವರೂ ಅವರೇ. 2013ರಲ್ಲಿ ತೀರಿಕೊಂಡ ಅವರು ಹಣ್ಣಿನ ನೊಣ ವಾಸನೆ, ರುಚಿಗಳನ್ನು ಹೇಗೆ ಅರಿಯುತ್ತದೆ ಎಂದು ದಶಕಗಳ ಕಾಲ ನೋಡಿದವರು. ನೊಣವನ್ನೂ ಗೌರವದಿಂದ ನೋಡಬಲ್ಲವನಿಗೆ ವಿಜ್ಞಾನ ಒಲಿಯುತ್ತದೆ.

ದಾರಿಗಳೂ ಇವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಆಯ್ದ ಪ್ರಾಜೆಕ್ಟ್‌ಗಳಿಗೆ ಧನಸಹಾಯ ಕೊಡುತ್ತ ಬಂದಿದೆ. 2012ರ ಸಂವಿಧಾನ ತಿದ್ದುಪಡಿಯಿಂದ ಬಂದ 371(ಜೆ) ವಿಧಿ ನಮ್ಮ ಭಾಗದ ಮಕ್ಕಳಿಗೆ ಕಾಲೇಜಿನ ಬಾಗಿಲನ್ನು ಇನ್ನಷ್ಟು ತೆರೆದಿದೆ. ಸೀಟು ಸಿಕ್ಕ ಮೇಲೆ ಒಳಗೆ ಹೋಗಿ ಏನು ಮಾಡಬೇಕೆಂಬುದು ನಮಗೆ ಬಿಟ್ಟದ್ದು.

ಆ ವರದಿಯ ಪ್ರತಿಗಳು ಚಿನ್ನದ ಬಣ್ಣದ ಅಕ್ಷರದ ರಟ್ಟು ಹೊದ್ದು ಕಪಾಟು ಸೇರಿವೆ. ಬಾವಿಗೆ ಮುಚ್ಚಳ ಬಂದಿದೆ, ಗುಂಡಿ ಇನ್ನೂ ಅಲ್ಲೇ ಇದೆ. ಅದನ್ನು ಸರಿಸಲು ಜಾಗ ಬೇಕು, ಹಣ ಬೇಕು, ನೆರೆಯವರ ಒಪ್ಪಿಗೆ ಬೇಕು. ಅದು ಮೂವರು ಹುಡುಗಿಯರ ಪ್ರಾಜೆಕ್ಟ್ ಅಲ್ಲ, ನಮ್ಮದು.