ಬಯಲು ಬರಿದಲ್ಲ

ಸದ್ಭಕ್ತರೇ, ಬೆಳಗಿನ ಇಷ್ಟಲಿಂಗ ಪೂಜೆ ಮುಗಿಸಿ ಹಲಗೇರಿಯ ಸೀಮೆಯಲ್ಲಿ ಕೆರೆಯ ದಂಡೆಯಿಂದ ಅಡವಿಯತ್ತ ನಡೆದು ನೋಡಿರಿ. ನೀರಂಚಿನ ಬೆಳ್ಳಕ್ಕಿ, ಜಾಲಿಯ ಪೊದೆ, ಕಲ್ಲುಗುಡ್ಡ. ಅದರಾಚೆ ಹುಲ್ಲು ಮೇಯುವ ಕೃಷ್ಣಮೃಗಗಳು. ಇವುಗಳ ರಕ್ಷಣೆಗೆಂದೇ 1974ರಲ್ಲಿ ರಾಣೆಬೆನ್ನೂರು ಸೀಮೆಯ 119 ಚದರ ಕಿಲೋಮೀಟರ್ ನೆಲ ಅಭಯಾರಣ್ಯವಾಯಿತು. ಆದರೆ ಅದರ ಬಹುಭಾಗವನ್ನು ನೆಟ್ಟ ನೀಲಗಿರಿಯೇ ಆವರಿಸಿತು. ಹಸಿರು ಹೆಚ್ಚಿತು, ನಿಜ; ದೂರ ನೋಡಿ ಓಡಿ ಬದುಕುವ ಜೀವಿಗಳಿಗೆ ನೆಲೆ ಕುಗ್ಗಿತು. ಒಂದು ಕಾಲಕ್ಕೆ ಇಲ್ಲಿದ್ದ ಎರೆಭೂತವೆಂಬ ಹೆಬ್ಬಕ್ಕಿ ಕಣ್ಮರೆಯಾಯಿತು.

ಮರ ನೆಡುವುದು ಪುಣ್ಯವೇ ಸರಿ. ಹುಲ್ಲುಗಾವಲನ್ನು ಹುಲ್ಲುಗಾವಲಾಗಿಯೇ ಉಳಿಸುವುದೂ ದಯೆಯೇ. ಶರಣರಿಗೆ ಬಯಲೆಂಬುದು ಪರಿಪೂರ್ಣತೆಯ ಹೆಸರು. ನಿಮ್ಮೂರ ಬಯಲನ್ನು ಬಂಜರೆನ್ನುವ ಮುನ್ನ ಅಲ್ಲಿ ಯಾರು ಮೇಯುತ್ತಾರೆ, ಯಾರು ಗೂಡು ಕಟ್ಟುತ್ತಾರೆ, ವಿಚಾರಿಸಿರಿ.