ಮೇಳ ಕಟ್ಟಿಸಿದ ವರ್ಷ

ಜೂನ್ 9, 2024, ಭಾನುವಾರ

ನಾಮಕರಣದ ಮನೆಯಲ್ಲಿ ಮತ್ತೆ ಅದೇ ಪ್ರಶ್ನೆ. "ಈಚೆಗೆ ಎಲ್ಲೂ ನಿಮ್ಮ ಕಛೇರಿ ಕಾಣ್ತಾ ಇಲ್ವಲ್ಲ, ವೀಣೆ ಬಿಟ್ಟುಬಿಟ್ರಾ?" ಕೇಳಿದವರು ಪ್ರೀತಿಯಿಂದಲೇ ಕೇಳಿದರು. ಕೈನೋವು ಎಂದೆ. ಅದು ನಿಜ, ಆದರೆ ಹಳೆಯ ಮಾತು. ಎಡಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ಸೆಳೆತ ಬಂದು, ಗಮಕಕ್ಕೆ ತಂತಿ ಎಳೆದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಕೆಲವು ತಿಂಗಳು ವೀಣೆ ಮುಟ್ಟಲೇಬೇಡಿ ಎಂದರು ಡಾಕ್ಟರು. ನೋವು ಹೋಯಿತು. ಅದರ ಹಿಂದೆಯೇ ನುಡಿಸಬೇಕೆಂಬ ಆಸೆಯೂ ಹೋಯಿತು. ಇದನ್ನು ನಮ್ಮ ಮನೆಯವರಿಗೂ ಬಿಡಿಸಿ ಹೇಳಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ಯೋಚಿಸಿ ನೋಡಿದರೆ ಆಸೆ ಕೈನೋವಿಗೂ ಮೊದಲೇ ತೆಳುವಾಗುತ್ತಾ ಬಂದಿತ್ತು. ಸೀನಿಯರ್ ಪರೀಕ್ಷೆ, ವಿದ್ವತ್ ಪರೀಕ್ಷೆ, ಆಮೇಲೆ ಆಕಾಶವಾಣಿಯ ಆಡಿಷನ್, ರೆಕಾರ್ಡಿಂಗ್, ರಾಮನವಮಿಯ ಕಛೇರಿ, ದಸರೆಯ ಕಛೇರಿ. ಯಾವ ಕೃತಿ ಕೈಗೆತ್ತಿಕೊಂಡರೂ ಇದು ಎಲ್ಲಿಗೆ, ಎಷ್ಟು ನಿಮಿಷಕ್ಕೆ ಎಂಬ ಲೆಕ್ಕ. ಯಾವುದಕ್ಕೂ ಅಲ್ಲದೆ, ಸುಮ್ಮನೆ ವೀಣೆಯ ಮುಂದೆ ಕೂತದ್ದು ಯಾವಾಗ? ನೆನಪಾಗಲಿಲ್ಲ.

ಜೂನ್ 11

ಸೊಪ್ಪು ಬಿಡಿಸುವಾಗ ಬೆರಳು ನೋಡಿಕೊಂಡೆ. ಎಡಗೈಯ ತೋರುಬೆರಳು, ನಡುಬೆರಳುಗಳ ತುದಿಯಲ್ಲಿ ತಂತಿ ಕೊರೆದ ಗೆರೆ ಇರುತ್ತಿತ್ತು. ಕೊಬ್ಬರಿ ಎಣ್ಣೆಯೂ ತಂತಿಯ ಕಪ್ಪೂ ಸೇರಿ ಆ ಗೆರೆ ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ನಮ್ಮ ಅತ್ತೆ, "ಏನಮ್ಮಾ ಅದು, ಕೈ ಸುಟ್ಟುಕೊಂಡೆಯಾ?" ಎಂದು ಕೇಳಿದ್ದರು. ಈಗ ಅಲ್ಲಿ ಮೆತ್ತನೆಯ ಹೊಸ ಚರ್ಮ. ಬಲಗೈಯ ಉಗುರನ್ನು ಮೀಟುವುದಕ್ಕೆಂದೇ ಬೆಳೆಸುತ್ತಿದ್ದೆ, ಅದನ್ನೂ ಕತ್ತರಿಸಿದ್ದೇನೆ. ಬರೀ ಕೈ ನೋಡಿದರೆ ವೀಣೆ ನುಡಿಸುವವಳೆಂದು ಯಾರೂ ಹೇಳಲಾರರು. ದುಃಖವಾಗಲಿಲ್ಲ. ಆಗಲಿಲ್ಲವಲ್ಲ ಎಂಬುದೇ ಸ್ವಲ್ಪ ದಿಗಿಲು.

ಜೂನ್ 23, ಭಾನುವಾರ

ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ವೈಣಿಕ ದೊರೆಸ್ವಾಮಿ ಅಯ್ಯಂಗಾರರ ಹಳೆಯ ರೆಕಾರ್ಡಿಂಗ್ ಒಂದನ್ನು ಹಾಕಿಕೊಂಡು ಬಟ್ಟೆ ಮಡಿಸುತ್ತಾ ಕೂತೆ. 1920ರಲ್ಲಿ ಹಾಸನ ಜಿಲ್ಲೆಯ ಗಡ್ಡವಳ್ಳಿಯಲ್ಲಿ ಹುಟ್ಟಿ, ಮೈಸೂರಿಗೆ ಬಂದು ವೆಂಕಟಗಿರಿಯಪ್ಪನವರ ಹತ್ತಿರ ಕಲಿತವರು. ನಮ್ಮ ವೀಣೆ ಮೇಷ್ಟ್ರಿಗೆ ಅವರ ಹೆಸರೆತ್ತಿದರೆ ಸಾಕು, ಪಾಠ ಅಲ್ಲಿಗೆ ನಿಂತು ಕಥೆ ಶುರುವಾಗುತ್ತಿತ್ತು. ಒಂದೊಂದು ಮೀಟೂ ಬೇರೆಬೇರೆಯಾಗಿ, ಅಚ್ಚುಕಟ್ಟಾಗಿ ಕೇಳಿಸುತ್ತದೆ. ಗಮಕ ಬೇಕಾದಷ್ಟೇ. ತಂತಿಯನ್ನು ಎಳೆದೆಳೆದು ಅಳಿಸುವುದಿಲ್ಲ. ಮೈಸೂರು ಬಾನಿ ಎಂದರೆ ನನಗೆ ಇವತ್ತಿಗೂ ಈ ಸ್ಪಷ್ಟತೆಯೇ.

ತಾನ ಬಂದಾಗ ಕೈಯಲ್ಲಿದ್ದ ಬಟ್ಟೆ ಕೈಯಲ್ಲೇ ಉಳಿಯಿತು. ತಾನ ವೀಣೆಯ ಸ್ವಂತ ಆಸ್ತಿ ಎಂದೇ ನನ್ನ ನಂಬಿಕೆ. ಹಾಡುವವರೂ ತಾನ ಹಾಡುತ್ತಾರೆ, ಚೆನ್ನಾಗಿಯೇ ಹಾಡುತ್ತಾರೆ. ಆದರೆ ಮೇಲೆ ರಾಗದ ಎಳೆ ನಡೆಯುತ್ತಿರುವಾಗ ಪಕ್ಕದಲ್ಲಿ ತಾಳದ ತಂತಿ ಮೂರೂ ಕಿರುಬೆರಳಿಗೆ ಮಿಡಿಯುತ್ತಾ, ಲಯವೂ ಶ್ರುತಿಯೂ ಒಂದೇ ಕೈಯಿಂದ ಹೊರಡುವುದು ಇಲ್ಲಿ ಮಾತ್ರ.

ಮೊದಲೆಲ್ಲ ಇಂಥದ್ದನ್ನು ಕೇಳುವಾಗ ನನ್ನ ಬೆರಳು ತೊಡೆಯ ಮೇಲೆ ವೀಣೆಯ ಮೆಟ್ಟಿಲು ಹುಡುಕುತ್ತಿತ್ತು. ಇದನ್ನು ಹೇಗೆ ನುಡಿಸಿದರು, ನಾನು ಕದಿಯಬಹುದೇ ಎಂಬ ಲೆಕ್ಕ. ಇವತ್ತು ಬೆರಳು ಸುಮ್ಮನಿತ್ತು. ಸಂಗೀತವನ್ನು ಹೀಗೆ ಬರೀ ಕೇಳಿ ಬಹಳ ವರ್ಷವಾಗಿತ್ತು.

ಜುಲೈ 6

ಆಷಾಢ ಹುಟ್ಟಿತು. ಕ್ಯಾಲೆಂಡರಿನಲ್ಲಿ ಪಾಡ್ಯ ಎಂದು ನೋಡಿದ ಕೂಡಲೆ ದೊಡ್ಡಪ್ಪ ನೆನಪಾದರು. ಪಾಠಶಾಲೆಯಲ್ಲಿ ಓದಿದವರು. ಪಾಡ್ಯ, ಅಷ್ಟಮಿ, ಚತುರ್ದಶಿ, ಹುಣ್ಣಿಮೆ, ಅಮಾವಾಸ್ಯೆ ಬಂದರೆ ವೇದಪಾಠಕ್ಕೆ ರಜೆ. ರಜೆ ಎಂದರೆ ಸೋಮಾರಿತನವಲ್ಲ, ನಿಯಮ. ಅವತ್ತು ಓದಿದರೆ ಕಲಿತದ್ದೂ ಸೊರಗುತ್ತದೆ ಎನ್ನುತ್ತಿದ್ದರು. ಸುಂದರಕಾಂಡದಲ್ಲಿ ಸೀತೆ ಬಡವಾಗಿರುವುದನ್ನು ಹೇಳಲು ವಾಲ್ಮೀಕಿ ತೆಗೆದುಕೊಂಡ ಹೋಲಿಕೆಯೇ ಪಾಡ್ಯದಂದು ಪಾಠ ಮಾಡುವವನ ವಿದ್ಯೆಯದು ಎಂದು ಅವರೇ ನನಗೆ ತೋರಿಸಿಕೊಟ್ಟಿದ್ದರು.

ಇಷ್ಟು ದಿನ ಈ ಬಿಡುವನ್ನು ಒಂದು ಕಾಯಿಲೆ ಎಂಬಂತೆ ಬಚ್ಚಿಟ್ಟುಕೊಂಡು ಓಡಾಡಿದ್ದೇನೆ. ವಿದ್ಯೆ ಕಲಿಸುವ ಕ್ರಮದೊಳಗೇ ಬಿಡುವಿಗೆ ಒಂದು ಜಾಗ ಇಟ್ಟವರ ಮನೆಯಲ್ಲಿ ಬೆಳೆದವಳು ನಾನು. ಸಂಗೀತಕ್ಕೆ ಮಾತ್ರ ದಿನಾ, ತಪ್ಪದೆ, ಜ್ವರ ಬಂದರೂ ಸಾಧನೆ ಎಂಬ ಕಟ್ಟಳೆ ಹೇಗೆ ಬಂತೋ. ಮೇಷ್ಟ್ರೂ ಹಾಗೆ ಹೇಳಿದವರಲ್ಲ. ಕೈ ದಣಿದರೆ ವೀಣೆ ಕೆಳಗಿಟ್ಟು ಹಾಡು ಎನ್ನುತ್ತಿದ್ದರು.

ಅನ್ನಪೂರ್ಣಾ ದೇವಿಯವರ ನೆನಪೂ ಬಂತು. ಸುರಬಹಾರ್ ನುಡಿಸುತ್ತಿದ್ದವರು. ವೇದಿಕೆಯನ್ನು ಪೂರ್ತಿ ಬಿಟ್ಟರು, 2018ರಲ್ಲಿ ತೀರಿಕೊಳ್ಳುವ ತನಕ ಹಿಂತಿರುಗಲಿಲ್ಲ. ಆದರೆ ಮುಂಬೈಯ ಮನೆಯಲ್ಲಿ ಪಾಠ ಬಿಡಲಿಲ್ಲ. ಹರಿಪ್ರಸಾದ್ ಚೌರಾಸಿಯಾರಂಥವರು ಅಲ್ಲಿ ಹೋಗಿ ಕಲಿತರು. ಅವರ ಎತ್ತರವೇ ಬೇರೆ, ನನಗೂ ಅವರಿಗೂ ಹೋಲಿಕೆ ಇಲ್ಲ. ಆದರೂ ವೇದಿಕೆ ಬೇರೆ, ವಾದ್ಯ ಬೇರೆ ಎಂಬುದು ಅವರನ್ನು ನೆನೆದಾಗ ಕಣ್ಣಿಗೆ ಕಟ್ಟುತ್ತದೆ.

ಆಗಸ್ಟ್ 3

ವೀಣೆಯ ಗವಸು ತೆಗೆದೆ. ನುಡಿಸುವುದಕ್ಕಲ್ಲ, ಮಳೆಗಾಲದ ಬೂಷ್ಟು ಹಿಡಿದಿದೆಯೇ ನೋಡೋಣ ಎಂದು. ಬೀಟೆ ಮರ ಗಟ್ಟಿ, ಕೊಡಕ್ಕೆ ಏನೂ ಆಗಿಲ್ಲ. ಮೆಟ್ಟಿಲು ಕೂರಿಸಿದ ಮೇಳ ಮಾತ್ರ ಹಾಳಾಗಿದೆ. ಬೇಸಿಗೆಯ ಸೆಕೆಗೆ ಮೇಣ ಇಳಿದು, ಆಮೇಲೆ ಒಣಗಿ ಬಿರುಕು ಬಿಟ್ಟಿದೆ. ಮೇಲಿನ ಸ್ಥಾಯಿಯ ಮೆಟ್ಟಿಲುಗಳು ಒಂದರ ಕಡೆಗೊಂದು ವಾಲಿವೆ, ಒಂದಂತೂ ಕೈಗೇ ಬಂತು. ಮೊದಲ ತಂತಿಯಾದ ಸಾರಣೆಗೆ ತುಕ್ಕು.

ನುಡಿಸದಿದ್ದರೂ ಸರಿ, ಹೀಗೆ ಇಡುವುದು ಸರಿಯಲ್ಲ ಎನಿಸಿತು. ಕೊಳ್ಳೇಗಾಲದ ಕಡೆಯ ವೀಣೆ ಕೆಲಸದವರ ನಂಬರು ನಮ್ಮ ಮನೆಯವರ ಡೈರಿಯಲ್ಲಿ ಸಿಕ್ಕಿತು. ಫೋನ್ ಮಾಡಿದೆ. ಶ್ರಾವಣದಲ್ಲಿ ಕೆಲಸ ಜಾಸ್ತಿ, ಒಂದೆರಡು ವಾರ ಬಿಟ್ಟು ಬರ್ತೀನಿ ಅಂದರು.

ಆಗಸ್ಟ್ 18, ಭಾನುವಾರ

ಬೆಳಿಗ್ಗೆ ಬಸ್ಸಿಳಿದು ಬಂದ ವೀಣೆ ಕೆಲಸದವರು ಹೊರಡುವಾಗ ದೀಪ ಹಚ್ಚುವ ಹೊತ್ತು. ಇವತ್ತಿನದನ್ನು ಪೂರ್ತಿ ಬರೆದಿಡಬೇಕು.

ಹಜಾರದಲ್ಲಿ ಹಳೆಯ ಪೇಪರು ಹಾಸಿ ಕೂತರು. ಇಪ್ಪತ್ನಾಲ್ಕು ಮೆಟ್ಟಿಲನ್ನೂ ಎಬ್ಬಿಸಿ, ಸಾಲು ತಪ್ಪದಂತೆ ಪೇಪರಿನ ಮೇಲೆ ಜೋಡಿಸಿದರು. ಹುಣಿಸೆಹಣ್ಣು ಹಾಕಿ ತಿಕ್ಕಿ ತೊಳೆದ ಮೇಲೆ, ಒಂದೊಂದರ ನೆತ್ತಿಯಲ್ಲೂ ತಂತಿ ಕೊರೆದ ಗುಳಿ ಕಾಣಿಸಿತು. ಸಾರಣೆಯ ಕೆಳಗೇ ಹೆಚ್ಚು ಆಳ. ಷಡ್ಜ, ಪಂಚಮದ ಮೆಟ್ಟಿಲುಗಳಲ್ಲಿ ಇನ್ನೂ ಆಳ. "ಚೆನ್ನಾಗಿ ನುಡಿಸಿದೀರಿ ಅಮ್ಮಾವ್ರೆ" ಅಂದರು ಅರ ಹಾಕುತ್ತಾ. ನನ್ನ ಬೆರಳಿನ ಗೆರೆ ಹೋಗಿತ್ತು, ಅದರ ಜೊತೆಗಾರ ಗೆರೆ ಇಲ್ಲಿ ಕಂಚಿನಲ್ಲಿ ಉಳಿದುಕೊಂಡಿತ್ತು.

ಹಳೆಯ ಮೇಣ ಕೆರೆದು ತೆಗೆದು, ಅದಕ್ಕೆ ಹೊಸ ಜೇನುಮೇಣ, ರಾಳ, ಕಾಡಿಗೆಯಂಥ ಕಪ್ಪು ಸೇರಿಸಿ ಸಣ್ಣ ಉರಿಯಲ್ಲಿ ಕರಗಿಸಿದರು. ಮನೆಯೆಲ್ಲ ಆ ವಾಸನೆ. ಆರುತ್ತಾ ಬಂದಾಗ ಚಪಾತಿ ಹಿಟ್ಟಿನ ಹಾಗೆ ನಾದಿ, ದಂಡಿಯ ಎರಡೂ ಅಂಚಿಗೆ ಉದ್ದಕ್ಕೆ ಕಟ್ಟೆ ಕಟ್ಟಿದರು. ಅದರ ಮೇಲೆ ಮೆಟ್ಟಿಲು ಕೂರಿಸುವುದು. ಮೊದಲು ಮೇಲಿನ ಷಡ್ಜ, ಆಮೇಲೆ ಪಂಚಮ, ಆಮೇಲೆ ಉಳಿದದ್ದು. ಒಂದು ಮೆಟ್ಟಿಲು ನಾಲ್ಕೂ ತಂತಿಗೆ ಒಪ್ಪಬೇಕು. ಸಾರಣೆಗೆ ಸರಿಯಾದದ್ದು ಮಂದ್ರಕ್ಕೆ ಸರಿಯಿಲ್ಲದಿದ್ದರೆ ಕೂದಲೆಳೆಯಷ್ಟು ಓರೆ ಮಾಡಬೇಕು.

"ಕಿವಿ ನಿಮ್ಮದಿರಲಿ ಅಮ್ಮಾವ್ರೆ. ನುಡಿಸೋರು ನೀವು" ಅಂದರು. ನುಡಿಸಿ ಬಹಳ ದಿನವಾಯಿತು ಎಂದೆ. "ಇರಲಿ, ಕೇಳಿ ಹೇಳಿ."

ಅವರು ಮೀಟುವುದು, ನಾನು ಹೇಳುವುದು. ಹೆಚ್ಚು. ಇನ್ನೂ ಹೆಚ್ಚು. ಸಾಕು. ಅಲ್ಲ, ಈಗ ಇಳಿಯಿತು. ಅಂತರ ಗಾಂಧಾರಕ್ಕೆ ಬಂದಾಗ ನನ್ನ ಮಗ ತನ್ನ ಫೋನು ತಂದು ಶ್ರುತಿ ತೋರಿಸುವ ಆ್ಯಪ್ ಹಾಕಿದ. ಮುಳ್ಳು ನಡುವಿಗೆ ಬಂದು ನಿಂತಿತು, ಸರಿಯಾಗಿದೆ ಎಂದ. ನನ್ನ ಕಿವಿಗೆ ಮೇಲಾಗಿತ್ತು. ಕೆಲಸದವರೂ ತಲೆ ಆಡಿಸಿದರು. ತಂಬೂರಿ ಹಾಕಿ ಮಗನಿಗೆ ಕೇಳಿಸಿದೆ. ಮಂದ್ರ ಷಡ್ಜದ ತಂತಿ ಒಂದನ್ನೇ ಮೀಟಿದರೆ ಅದರ ಒಳಗಿನಿಂದ ಗಾಂಧಾರ ತಾನಾಗಿ ಎದ್ದು ಬರುತ್ತದೆ. ಹನ್ನೆರಡು ಸಮಭಾಗ ಮಾಡಿದ ಯಂತ್ರದ ಗಾಂಧಾರ ಅದಕ್ಕಿಂತ ಹದಿನಾಲ್ಕು ಸೆಂಟ್‌ನಷ್ಟು ಮೇಲೆ. ಒಂದು ಅರ್ಧಸ್ವರಕ್ಕೆ ನೂರು ಸೆಂಟ್. ಕಡಿಮೆ ಅನಿಸಬಹುದು. ಕಿವಿಗೆ ಕಡಿಮೆಯಲ್ಲ. ಅವರು ಹೆಬ್ಬೆರಳಿನಿಂದ ಮೆಟ್ಟಿಲನ್ನು ಒಂದಿಷ್ಟು ಹಿಂದಕ್ಕೆ ನೂಕಿದರು, ಮೀಟಿದರು. ಇನ್ನೊಂದಿಷ್ಟು. ಅದು ಸೇರಿತು ಎನ್ನುವುದು ನಾನು ಹೇಳುವ ಮೊದಲೇ ಇಬ್ಬರಿಗೂ ಗೊತ್ತಾಯಿತು.

ಮೇಲಿನ ಷಡ್ಜವನ್ನು ಕೊನೆಗೆ ಇನ್ನೊಮ್ಮೆ ನೋಡಿದೆವು. ಅದನ್ನು ಮೀಟಿದರೆ, ಯಾರೂ ಮುಟ್ಟದ ತಾಳದ ತಂತಿಯೂ ಸಣ್ಣಗೆ ನುಡಿಯಿತು. ಅವರು ಸಾರಣೆಯನ್ನು ಬೆರಳಿಟ್ಟು ಅಡಗಿಸಿದರು. ಪಕ್ಕದ ತಂತಿ ಇನ್ನೂ ನುಡಿಯುತ್ತಿತ್ತು. ನನಗೆ ಗಂಟಲು ಕಟ್ಟಿತು. ಕೃತಿಯಿಲ್ಲ, ರಾಗವಿಲ್ಲ, ಒಂದೇ ಒಂದು ಸ್ವರ. ಚಿಕ್ಕ ಹುಡುಗಿಯಾಗಿದ್ದಾಗ ನಾನು ವೀಣೆಗೆ ಸೋತದ್ದು ಇದಕ್ಕೇ ಅಲ್ಲವೇ. ಕಛೇರಿ ಎಂದರೇನೆಂದು ಆಗ ಗೊತ್ತೇ ಇರಲಿಲ್ಲ.

ಅವರು ಹೋದ ಮೇಲೆ ನುಡಿಸಲಿಲ್ಲ. ಮೇಣ ಗಟ್ಟಿಯಾಗಬೇಕು, ಎರಡು ದಿನ ಬಿಡಿ ಎಂದಿದ್ದಾರೆ.

ಆಗಸ್ಟ್ 21

ಸರಳೆ ವರಸೆ. ಮಾಯಾಮಾಳವಗೌಳ, ಒಂದೇ ಕಾಲ. ಬೆರಳ ತುದಿ ಉರಿಯಿತು. ಕಾಲು ಗಂಟೆಗೆ ನಿಲ್ಲಿಸಿದೆ, ಮುಂಗೈ ಚಾಚಿ ಡಾಕ್ಟರು ಹೇಳಿಕೊಟ್ಟ ವ್ಯಾಯಾಮ ಮಾಡಿದೆ.

ಬೇಡ ಎನಿಸುವ ಮೊದಲೇ ನಿಲ್ಲಿಸುವುದು ಎಂದು ಗಟ್ಟಿ ಮಾಡಿಕೊಂಡಿದ್ದೇನೆ. ಆಸೆ ಬಂದ ಮೇಲೆ ಕೂರುತ್ತೇನೆ ಎಂದು ಕಾಯುತ್ತಿದ್ದರೆ ಇನ್ನೂ ವರ್ಷಗಟ್ಟಲೆ ಕಾಯುತ್ತಿದ್ದೆ. ಆಸೆ ಕಿವಿಯ ಹಿಂದೆಯೇ ಬರುತ್ತದೆ, ಕಿವಿ ಶ್ರುತಿಯ ಹಿಂದೆ. ನನ್ನ ಮಟ್ಟಿಗೆ ಹಾಗೆ.

ಸೆಪ್ಟೆಂಬರ್ 7

ಗಣೇಶನ ಹಬ್ಬ. ಬೆಳಗಿನಿಂದ ಕಡುಬು, ನೆಂಟರು. ಸಂಜೆ ಮಂಗಳಾರತಿಗೆ ಮುಂಚೆ ಮಲಹರಿಯ ಪಿಳ್ಳಾರಿ ಗೀತೆ ನುಡಿಸಿದೆ, ಪುರಂದರದಾಸರದು. ಸಂಗೀತ ಕಲಿಯುವ ಮಕ್ಕಳು ಮೊದಮೊದಲು ಕಲಿಯುವ ಗೀತೆ. ವಿದ್ವತ್ ಆದವಳು ಇದನ್ನು ನುಡಿಸುವುದೇ ಎಂದು ಯಾರಿಗೂ ಅನಿಸಲಿಲ್ಲ, ನನಗೂ ಅನಿಸಲಿಲ್ಲ.

ಅಕ್ಟೋಬರ್ 9

ಮೂಲಾ ನಕ್ಷತ್ರ. ಸರಸ್ವತಿಯನ್ನು ಕೂರಿಸಿದೆವು. ವೀಣೆಯೂ ಪೂಜೆಯಲ್ಲಿ, ಪುಸ್ತಕಗಳ ಪಕ್ಕ. ವಿಜಯದಶಮಿಯವರೆಗೆ ಮುಟ್ಟುವಂತಿಲ್ಲ.

ಅಕ್ಟೋಬರ್ 10

ನುಡಿಸಬೇಕೆನಿಸುತ್ತಿದೆ. ಬೆಳಿಗ್ಗೆ ಹಾಲು ಕಾಯಿಸುವಾಗ ನಾಟ ರಾಗದ ತಾನದ ಒಂದು ಎಳೆ ಹೊಳೆಯಿತು, ಬಲಗೈ ತಾನಾಗಿ ಅಡುಗೆ ಕಟ್ಟೆಯ ಮೇಲೆ ಮೀಟಿತು. ದೇವರ ಮನೆಯ ಬಾಗಿಲಿಗೆ ಹೋಗಿ ನಿಂತು ನೋಡಿ ಬಂದೆ. ಇಷ್ಟು ಕಾಲ ಮುಟ್ಟು ಎಂದರೂ ಮುಟ್ಟದವಳಿಗೆ ಈಗ ಎರಡು ದಿನ ಕಾಯುವುದು ಕಷ್ಟವಾಗುತ್ತಿದೆ. ಆಸೆ ಬಂದಿದೆಯೇ ಎಂದು ಇನ್ನು ನನ್ನನ್ನು ನಾನು ಕೇಳಿಕೊಳ್ಳಬೇಕಾಗಿಲ್ಲ.

ಅಕ್ಟೋಬರ್ 12, ವಿಜಯದಶಮಿ

ಇವರೂ ಮಗನೂ ಜಂಬೂಸವಾರಿ ನೋಡಲು ಹೋದರು. ಬೆಳಿಗ್ಗೆಯೇ ಪೂಜೆ ಮುಗಿಸಿ ವೀಣೆ ಕೆಳಗಿಳಿಸಿದ್ದೆ. ನಾಟದಲ್ಲಿ ತಾನ ಶುರು ಮಾಡಿ, ಗೌಳ, ಆರಭಿ, ವರಾಳಿ, ಶ್ರೀ, ಐದು ಘನರಾಗಗಳನ್ನೂ ಸುತ್ತಿ ಬಂದೆ. ವರಾಳಿಯಲ್ಲಿ ಕೈ ತಡವರಿಸಿತು. ಬಲಗೈಯ ಉಗುರು ಇನ್ನೂ ಸಾಲದು, ಮೀಟು ಮಂಕು.

ವೀಣೆ ಶೇಷಣ್ಣನವರಿಗೆ ಬರೋಡದಲ್ಲಿ ಪಲ್ಲಕ್ಕಿಯ ಮರ್ಯಾದೆ ಸಿಕ್ಕಾಗ ಪಲ್ಲಕ್ಕಿಯೊಳಗೆ ವೀಣೆ ಇಟ್ಟು ತಾವು ಜೊತೆಯಲ್ಲಿ ನಡೆದರು ಎಂಬ ಕಥೆಯನ್ನು ಮೇಷ್ಟ್ರು ಪ್ರತಿ ದಸರೆಗೂ ಹೇಳುತ್ತಿದ್ದರು. ಆಗ ಅದು ವಿನಯದ ಕಥೆ ಎಂದುಕೊಂಡಿದ್ದೆ. ಈಗ ಹಾಗೆ ಕಾಣುವುದಿಲ್ಲ. ಅವರಿಗೆ ಅದು ಇದ್ದದ್ದು ಇದ್ದ ಹಾಗೆ, ಅಷ್ಟೇ: ನಾದ ಯಾವುದರಿಂದ ಹೊರಟಿತೋ ಅದಕ್ಕೆ ಮರ್ಯಾದೆ.

ನವೆಂಬರ್ 3, ಭಾನುವಾರ

ಸಂಗೀತ ಸಭೆಯೊಂದರಿಂದ ಫೋನು. ಸಂಕ್ರಾಂತಿಯ ಹೊತ್ತಿಗೆ ಒಂದು ಕಛೇರಿ ಕೊಡ್ತೀರಾ ಮೇಡಂ ಎಂದು. ಈ ಸಲ ಬೇಡ ಎಂದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ, ಮುಂದಿನ ವರ್ಷ ಕೇಳ್ತೀವಿ ಎಂದರು. ಆಗ ನೋಡೋಣ. ಕಛೇರಿಯ ಮೇಲೆ ನನಗೆ ಕೋಪವಿಲ್ಲ, ಎದುರು ಕೂತವರ ಕಿವಿಯಿಂದ ಎಷ್ಟೋ ಕಲಿತಿದ್ದೇನೆ. ಆದರೆ ಈಗ ಒಂದು ತಾರೀಖು ಹಾಕಿಕೊಂಡರೆ ಅದರ ಸುತ್ತಲೇ ದಿನಗಳೆಲ್ಲ ಸುತ್ತತೊಡಗುತ್ತವೆ. ಪಾಡ್ಯ, ಅಷ್ಟಮಿಗಳಂದು ಗವಸು ತೆಗೆಯುವುದಿಲ್ಲ ಎಂದೂ ನಿಯಮ ಮಾಡಿಕೊಂಡಿದ್ದೇನೆ. ದೊಡ್ಡಪ್ಪ ಇದ್ದಿದ್ದರೆ ಒಪ್ಪುತ್ತಿದ್ದರು.

ಈ ವಾರವೆಲ್ಲ ಬೇಗಡೆ ರಾಗ. ಅದರ ಮಧ್ಯಮ ಯಾವ ಮೆಟ್ಟಿಲ ಮೇಲೂ ನೆಟ್ಟಗೆ ಕೂರುವ ಸ್ವರವಲ್ಲ. ಗಾಂಧಾರದ ಮೆಟ್ಟಿಲಿನಲ್ಲಿ ತಂತಿ ಎಳೆದು ತರಬೇಕು, ಅಲ್ಲೂ ಅದು ಅಲುಗುತ್ತಿರಬೇಕು. ಮುಂಗೈಗೆ ಬೀಳುವ ಭಾರವೂ ಅಲ್ಲೇ. ಹಾಗಾಗಿ ಒಂದು ಎಳೆತ, ಒಂದು ಬಿಡುವು, ಆಮೇಲೆ ಬಾಯಲ್ಲಿ ಹಾಡಿಕೊಳ್ಳುವುದು, ಮತ್ತೆ ಎಳೆತ. ನಿನ್ನೆಗಿಂತ ಇವತ್ತು ಹತ್ತಿರ ಬಂದಿದೆ. ಅನುಮಂದ್ರದ ತಂತಿ ಮಾತ್ರ ಎರಡನೆಯ ಮೆಟ್ಟಿಲಿನಲ್ಲಿ ಜುಯ್ಯೆನ್ನುತ್ತಿದೆ. ತಂತಿ ಹಳೆಯದಾಯಿತೋ, ಮೆಟ್ಟಿಲು ಕೆಳಗಿಳಿಯಿತೋ, ಕೊಳ್ಳೇಗಾಲಕ್ಕೆ ನಾಳೆ ಫೋನ್ ಮಾಡಿ ಕೇಳಬೇಕು. ಅಲ್ಲಿಯವರೆಗೆ ಕೆಲಸವೆಲ್ಲ ಸಾರಣೆ, ಪಂಚಮದ ಮೇಲೆ.